ಹೊರಡುವ ಮುನ್ನ ಬರೆದಿಡಿ

ವಿಶ್ವವಿದ್ಯಾಲಯದ ಪತ್ರಾಗಾರಕ್ಕೆ ಇಂಟರ್ನ್‌ಶಿಪ್‌ಗೆಂದು ಬರುವ ವಿದ್ಯಾರ್ಥಿಗೆ ಮೊದಲ ದಿನ ಪಾಠ ಹೇಳುವವರು ಬೇಕಾದಷ್ಟು ಜನ. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು ಬಾ, ಪೆನ್ನು ಹೊರಗಿಡು, ಬರೆಯುವುದೇನಿದ್ದರೂ ಪೆನ್ಸಿಲ್‌ನಲ್ಲಿ, ಹಾಳೆ ತಿರುವಲು ಬೆರಳಿಗೆ ಎಂಜಲು ಹಚ್ಚಬೇಡ, ಒಂದು ಹೊತ್ತಿಗೆ ಒಂದೇ ಪೆಟ್ಟಿಗೆ ತೆರೆ. ಕೊನೆಯ ವಾರಕ್ಕೆ ಇಂಥ ಪಾಠ ಯಾವುದೂ ಇಲ್ಲ. ವರದಿಗೆ ಸ್ಪೈರಲ್ ಬೈಂಡಿಂಗ್ ಆಗಬೇಕು, ಪ್ರಮಾಣಪತ್ರಕ್ಕೆ ಸಹಿ ಬೀಳಬೇಕು, ವಿಭಾಗದ ಮೆಟ್ಟಿಲ ಮೇಲೆ ನಿಂತು ಒಂದು ಗುಂಪು ಫೋಟೊ ಆಗಬೇಕು, ಆಮೇಲೆ ಕ್ಯಾಂಟೀನಿನಲ್ಲಿ ಕಾಫಿ. ಹುಡುಗ ಹುಡುಗಿಯರು ಊರಿಗೆ ಹೊರಡುತ್ತಾರೆ, ಉಳಿದವರು ತಮ್ಮ ಕೆಲಸಕ್ಕೆ ಮರಳುತ್ತಾರೆ. ಪತ್ರಾಗಾರಕ್ಕೆ ದೊಡ್ಡ ನಷ್ಟವಾಗುವುದು ಈ ವಾರದಲ್ಲೇ, ಅದೂ ಯಾರ ಗಮನಕ್ಕೂ ಬಾರದ ಹಾಗೆ.

ನಷ್ಟವೇನೆಂದು ಹೇಳುತ್ತೇನೆ. ಒಬ್ಬ ವಿದ್ಯಾರ್ಥಿನಿ ನಿವೃತ್ತ ಪ್ರಾಧ್ಯಾಪಕರೊಬ್ಬರ ಕಾಗದಪತ್ರಗಳ ಮುಂದೆ ವಾರಗಟ್ಟಲೆ ಕೂತಿರುತ್ತಾಳೆ. ಯಾವ ಪತ್ರ ಯಾವ ಲಕೋಟೆಯಿಂದ ಹೊರಬಂತು, ಸಹಿಯಿಲ್ಲದ ಆ ಕೈಬರಹ ಯಾರದು, ಯಾವ ಕಡತದ ನಡುವಿನ ಹಾಳೆಗಳು ಅವಳು ಬರುವ ಮೊದಲೇ ಕಾಣೆಯಾಗಿದ್ದವು, ಯಾವ ಫೋಟೊದ ಹಿಂಬದಿಯ ಹೆಸರನ್ನು ಬೇರೆ ಯಾರೋ ಆಮೇಲೆ ಬರೆದಂತಿದೆ, ಇವೆಲ್ಲ ಅವಳಿಗೆ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ. ಆ ಪ್ರಾಧ್ಯಾಪಕರ ಮನೆಯವರಿಗೂ ಇಲ್ಲ, ಪತ್ರಾಗಾರದ ಮುಖ್ಯಸ್ಥರಿಗೂ ಇಲ್ಲ. ಅವಳು ಬಸ್ಸು ಹತ್ತಿದ ಮೇಲೆ ಉಳಿಯುವುದು ಒಂದು ಎಕ್ಸೆಲ್ ಪಟ್ಟಿ. ಅದರಲ್ಲಿ ಕಡತದ ಹೆಸರು, ವರ್ಷ, ಪುಟಗಳ ಲೆಕ್ಕ ಇರುತ್ತದೆ. ಆ ವರ್ಷವೆಂದು ಅವಳು ಹೇಗೆ ಗುರುತಿಸಿದಳು, ಆ ಹೆಸರನ್ನು ಯಾಕೆ ಕೊಟ್ಟಳು ಎಂಬುದು ಇರುವುದಿಲ್ಲ.

ಇದನ್ನು ಈಗ ಹೇಳಬೇಕಾದ ಕಾರಣವಿದೆ. ಹೊಸ ಶಿಕ್ಷಣ ನೀತಿಯ ಬೆನ್ನಿಗೇ ಯುಜಿಸಿ ತಂದ ಮಾರ್ಗಸೂಚಿ ಪದವಿ ವಿದ್ಯಾರ್ಥಿಗಳಿಗೆ ನಾಲ್ಕನೇ ಸೆಮಿಸ್ಟರ್ ಆದ ಮೇಲೆ 60ರಿಂದ 120 ಗಂಟೆಗಳ ಇಂಟರ್ನ್‌ಶಿಪ್ ಇರಬೇಕೆಂದು ಹೇಳುತ್ತದೆ. ಇತಿಹಾಸ, ಕನ್ನಡ, ಪತ್ರಿಕೋದ್ಯಮ, ಗ್ರಂಥಾಲಯ ವಿಜ್ಞಾನ ಓದುವವರು ಎಲ್ಲಿಗೆ ಹೋಗಬೇಕು? ಅವರ ಕಣ್ಣು ಸಹಜವಾಗಿ ಪತ್ರಾಗಾರಗಳ ಮೇಲೆ ಬೀಳುತ್ತದೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆ 2019ರಲ್ಲಿ ಸಮಕಾಲೀನ ಭಾರತದ ವಿಜ್ಞಾನದ ಇತಿಹಾಸಕ್ಕೆಂದೇ ಸಾರ್ವಜನಿಕ ಪತ್ರಾಗಾರ ತೆರೆದು ವಿದ್ಯಾರ್ಥಿಗಳನ್ನೂ ಕೆಲಸಕ್ಕೆ ಸೇರಿಸಿಕೊಳ್ಳುತ್ತಿದೆ. ದೆಹಲಿಯ ಜೆಎನ್‌ಯುನಲ್ಲಿ ಪಿ.ಸಿ. ಜೋಶಿ ಹೆಸರಿನ ಪತ್ರಾಗಾರವಿದೆ. ಶತಮಾನ ದಾಟಿದ ನಮ್ಮ ಮೈಸೂರು ವಿಶ್ವವಿದ್ಯಾಲಯದಂಥ ಕಡೆ ಕಾಗದಕ್ಕೇನೂ ಬರವಿಲ್ಲ. ಆದರೆ 120 ಗಂಟೆ ಎಂದರೆ ದಿನಕ್ಕೆ ಆರು ಗಂಟೆಯಂತೆ 20 ದಿನ. ಕಾಗದಗಳ ಪರಿಚಯವಾಗುವಷ್ಟರಲ್ಲಿ ಹೊರಡುವ ಹೊತ್ತು ಬಂದಿರುತ್ತದೆ. ಹೀಗೆ ಬಂದು ಹೋಗುವವರು ಹೆಚ್ಚಿದಷ್ಟೂ ಹೋಗುವ ಕ್ರಮವನ್ನು ಗಟ್ಟಿ ಮಾಡಿಕೊಳ್ಳಬೇಕು.

ಒಂದು ಪೆಟ್ಟಿಗೆ, ಮೂರು ನಂಬರು

ನಾನು ಕೆಲಸ ಮಾಡಿದ ಒಂದು ಸಂಗ್ರಹದಲ್ಲಿ ಒಂದೇ ರಟ್ಟಿನ ಪೆಟ್ಟಿಗೆಯ ಮೇಲೆ ಮೂರು ನಂಬರುಗಳಿದ್ದವು. ಪೆನ್ಸಿಲ್‌ನದು ಒಂದು, ನೀಲಿ ಬಾಲ್‌ಪೆನ್ನಿನದು ಇನ್ನೊಂದು, ಅಂಟುಚೀಟಿಯ ಮೇಲೆ ಪ್ರಿಂಟ್ ಮಾಡಿದ್ದು ಮತ್ತೊಂದು. ಬೇರೆ ಬೇರೆ ವರ್ಷ ಬಂದ ಮೂರು ತಂಡಗಳು ತಮಗೆ ಸರಿಕಂಡಂತೆ ಎಣಿಸಿದ್ದವು. ಮೂವರ ಕೆಲಸವೂ ಅಚ್ಚುಕಟ್ಟಾಗಿತ್ತು. ಆದರೆ ಮೊದಲಿನವರು ಯಾಕೆ ಹಾಗೆ ಎಣಿಸಿದರೆಂದು ಎರಡನೆಯವರಿಗೆ ತಿಳಿಯಲಿಲ್ಲ, ಎರಡನೆಯವರ ಪಟ್ಟಿ ಮೂರನೆಯವರ ಕೈಗೆ ಸಿಗಲಿಲ್ಲ. ಒಂದೇ ಅಡುಗೆಮನೆಗೆ ಒಬ್ಬರ ನಂತರ ಒಬ್ಬರು ಬಂದು, ಡಬ್ಬಿಯ ಮೇಲಿನ ಚೀಟಿ ಹಾಗೇ ಬಿಟ್ಟು ಒಳಗಿನ ಕಾಳು ಬದಲಿಸಿಟ್ಟ ಸ್ಥಿತಿ. ಸಂಶೋಧಕರೊಬ್ಬರು ತಮ್ಮ ಪುಸ್ತಕದ ಅಡಿಟಿಪ್ಪಣಿಯಲ್ಲಿ ಹಳೆಯ ನಂಬರನ್ನು ಕೊಟ್ಟಿದ್ದರು. ಆ ಕಡತವನ್ನು ಹುಡುಕಿಕೊಂಡು ಬಂದವರಿಗೆ ಅದನ್ನು ತೋರಿಸಲು ಆಗಲೇ ಇಲ್ಲ.

ನಂಬರಿಗಿಂತ ದೊಡ್ಡದು ಜೋಡಣೆಯ ಪ್ರಶ್ನೆ. ಪತ್ರಾಗಾರ ಶಾಸ್ತ್ರದ ಬುಡದಲ್ಲಿರುವ ನಿಯಮಗಳು ಎರಡೇ. ಒಂದು ಮೂಲದಿಂದ ಬಂದ ಕಾಗದಗಳನ್ನು ಇನ್ನೊಂದರ ಜೊತೆ ಬೆರೆಸಬಾರದು. 1841ರಲ್ಲಿ ಫ್ರಾನ್ಸಿನ ಸರ್ಕಾರಿ ಸುತ್ತೋಲೆಯೊಂದು ಇದನ್ನು ನಿಯಮವಾಗಿ ಹೇಳಿತು. ಎರಡನೆಯದು, ಕಾಗದದ ಒಡೆಯರು ಅದನ್ನು ಯಾವ ಕ್ರಮದಲ್ಲಿ ಇಟ್ಟುಕೊಂಡಿದ್ದರೋ ಆ ಕ್ರಮವನ್ನು ಕೆಡಿಸಬಾರದು. 1898ರಲ್ಲಿ ಮುಲ್ಲರ್, ಫೈತ್, ಫ್ರೌನ್ ಎಂಬ ಮೂವರು ಡಚ್ ಪತ್ರಪಾಲಕರು ಬರೆದ ಕೈಪಿಡಿಯಿಂದ ಈ ಮಾತು ಜಗತ್ತಿನಾದ್ಯಂತ ಹರಡಿತು. ಗ್ರಂಥಾಲಯಕ್ಕೆ ಒಗ್ಗಿದ ಮನಸ್ಸಿಗೆ ಇದು ಮೊದಲು ಒಪ್ಪಿಗೆಯಾಗುವುದಿಲ್ಲ. ವಿಷಯವಾರು ವಿಂಗಡಿಸೋಣ, ತಾರೀಖಿನ ಪ್ರಕಾರ ಜೋಡಿಸೋಣ ಎಂದು ಕೈ ತುರಿಸುತ್ತದೆ. ಆದರೆ ಒಬ್ಬ ಮೇಷ್ಟ್ರು ತಮ್ಮ ಪತ್ರಗಳನ್ನೆಲ್ಲ ವಿದ್ಯಾರ್ಥಿಗಳ ಬ್ಯಾಚಿನ ಪ್ರಕಾರ ಕಟ್ಟಿಟ್ಟಿದ್ದರೆ, ಶಿಫಾರಸು ಪತ್ರದ ಪಕ್ಕದಲ್ಲೇ ಆ ಹುಡುಗನ ಮದುವೆಯ ಕರೆಯೋಲೆಯೂ ಇದ್ದರೆ, ಆ ಕಟ್ಟೇ ಮೇಷ್ಟ್ರ ಬಗ್ಗೆ ಒಂದು ಸಂಗತಿ ಹೇಳುತ್ತದೆ. ತಾರೀಖಿನ ಪ್ರಕಾರ ಮರುಜೋಡಿಸಿದ ಕ್ಷಣ ಅದು ಅಳಿಸಿಹೋಗುತ್ತದೆ.

ಕೆಲವೊಮ್ಮೆ ಕ್ರಮ ಕೆಡಿಸದೆ ವಿಧಿಯಿಲ್ಲ. ಗೆದ್ದಲು ಹಿಡಿದ ಕಟ್ಟನ್ನು ಬೇರ್ಪಡಿಸಬೇಕು. ಆಮ್ಲ ತುಂಬಿದ ಪತ್ರಿಕೆಯ ತುಣುಕು ಪಕ್ಕದ ಪತ್ರವನ್ನೂ ಕಂದಾಗಿಸುತ್ತಿದ್ದರೆ ನಡುವೆ ಆಮ್ಲರಹಿತ ಹಾಳೆ ಇಡಬೇಕು ಅಥವಾ ತುಣುಕನ್ನೇ ಎತ್ತಿಡಬೇಕು. ತುಕ್ಕು ಹಿಡಿದ ಗುಂಡುಸೂಜಿ ತೆಗೆಯಬೇಕು, ಕರಗಿ ಅಂಟಿದ ರಬ್ಬರ್ ಬ್ಯಾಂಡ್ ಬಿಡಿಸಬೇಕು. ತೆಗೆಯುವುದು ತಪ್ಪಲ್ಲ. ಎಲ್ಲಿಂದ ತೆಗೆದೆ, ಎಲ್ಲಿಟ್ಟೆ ಎಂದು ಬರೆಯದೆ ಹೋಗುವುದು ತಪ್ಪು. ಒಂದು ಸೂಜಿ ಐದು ಹಾಳೆಗಳನ್ನು ಒಟ್ಟಿಗೆ ಹಿಡಿದಿತ್ತು ಎಂಬುದು ಆ ಐದೂ ಒಂದೇ ಅರ್ಜಿಯ ಭಾಗ ಎಂಬುದಕ್ಕೆ ಇದ್ದ ಏಕೈಕ ಸಾಕ್ಷಿಯಾಗಿರಬಹುದು. ಹಾಗೆಯೇ ಲಕೋಟೆ. ಹೊಸಬರು ಅದನ್ನು ಕಸವೆಂದು ಎತ್ತಿಡುತ್ತಾರೆ. ತಾರೀಖಿಲ್ಲದ ಪತ್ರಕ್ಕೆ ಅಂಚೆಯ ಮುದ್ರೆಯೇ ತಾರೀಖು.

ಯಾವ ಪ್ರಭವ?

ತಾರೀಖಿನ ಮಾತು ಬಂದದ್ದರಿಂದ, ನಮ್ಮ ಕಡೆಯ ಕಾಗದಗಳಲ್ಲಿ ಮಾತ್ರ ಎದುರಾಗುವ ಒಂದು ಕಷ್ಟವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ತಲೆಮಾರಿನವರು ಖಾಸಗಿ ಪತ್ರಕ್ಕೆ ಇಸವಿ ಹಾಕುತ್ತಿರಲಿಲ್ಲ. ‘ಪ್ರಭವ ಸಂವತ್ಸರದ ಮಾಘ ಶುದ್ಧ ಪಂಚಮಿ’ ಎಂದು ಬರೆದು ಮುಗಿಸುತ್ತಿದ್ದರು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ. ಪ್ರಭವ 1867ರಲ್ಲಿ ಬಂತು, 1927ರಲ್ಲಿ ಬಂತು, 1987ರಲ್ಲಿ ಬಂತು. ಇದು ಯಾವ ಪ್ರಭವ?

ಪತ್ರದಲ್ಲಿ ಮೈಸೂರು ವಿಶ್ವವಿದ್ಯಾಲಯದ ಪ್ರಸ್ತಾಪವಿದ್ದರೆ 1867 ಬಿದ್ದುಹೋಯಿತು, ಏಕೆಂದರೆ ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ. ಹಾಸ್ಟೆಲಿನ ಊಟದ ಲೆಕ್ಕವನ್ನು ರೂಪಾಯಿ, ಆಣೆ, ಪೈಗಳಲ್ಲಿ ಕೊಟ್ಟಿದ್ದರೆ ಅದು 1957ಕ್ಕಿಂತ ಹಿಂದಿನದಿರಬೇಕು, ದಶಮಾಂಶ ನಾಣ್ಯ ಬಂದದ್ದು ಆ ವರ್ಷದ ಏಪ್ರಿಲ್ 1ರಂದು. ವಿಳಾಸದಲ್ಲಿ ಪಿನ್‌ಕೋಡ್ ಇಲ್ಲದಿದ್ದರೆ 1972ಕ್ಕೆ ಮೊದಲಿನದಿರಬಹುದು. ರಾಜ್ಯದ ಹೆಸರು ಮೈಸೂರೆಂದಿದ್ದರೆ 1973ರ ನವೆಂಬರ್‌ಗೆ ಮೊದಲು. ಇಷ್ಟು ಸೇರಿದರೆ 1927ರ ಪ್ರಭವ ಎಂದು ಹೇಳುವ ಧೈರ್ಯ ಬರುತ್ತದೆ. ಇಲ್ಲೂ ಒಂದು ಎಡವು ಇದೆ. ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ ಆ ಪ್ರಭವದ ಮಾಘ ಮಾಸ ಬಿದ್ದದ್ದು 1928ರಲ್ಲಿ. ಪಟ್ಟಿಯಲ್ಲಿ 1927 ಎಂದು ಬರೆದರೆ ತಪ್ಪು.

ಇಂಥ ಪತ್ತೆದಾರಿ ಕೆಲಸವನ್ನು ಇಪ್ಪತ್ತರ ಹರೆಯದವರು ಎಷ್ಟು ಉತ್ಸಾಹದಿಂದ ಮಾಡುತ್ತಾರೆಂದು ಹತ್ತಿರದಿಂದ ನೋಡಿದ್ದೇನೆ. ಮನೆಗೆ ಫೋನ್ ಮಾಡಿ ಅಜ್ಜಿಯಿಂದ ಸಂವತ್ಸರದ ಹೆಸರುಗಳನ್ನು ಬರೆಸಿಕೊಂಡವರಿದ್ದಾರೆ. ಮೂರು ದಿನದ ಆ ತರ್ಕವೆಲ್ಲ ಕೊನೆಗೆ ‘1928’ ಎಂಬ ನಾಲ್ಕು ಅಂಕಿಗಳಾಗಿ ಪಟ್ಟಿಯ ಒಂದು ಚೌಕದಲ್ಲಿ ಕೂತುಬಿಡುತ್ತದೆ. ಪತ್ರದಲ್ಲೇ ಅಚ್ಚಾಗಿದ್ದ ತಾರೀಖಿಗೂ, ಹೀಗೆ ಊಹಿಸಿದ ತಾರೀಖಿಗೂ ಆಮೇಲೆ ನೋಡುವವರಿಗೆ ವ್ಯತ್ಯಾಸವೇ ಕಾಣದು. ಊಹಿಸಿದ್ದಾದರೆ ಚೌಕ ಆವರಣದಲ್ಲಿ ಹಾಕಿ, ಷರಾ ಕಾಲಮ್ಮಿನಲ್ಲಿ ಕಾರಣ ಕೊಡಬೇಕು: ಆಣೆಯ ಲೆಕ್ಕವಿದೆ, ಪಿನ್‌ಕೋಡ್ ಇಲ್ಲ, ಮಾಘ ಮಾಸ. ಹತ್ತು ಪದ ಸಾಕು. ನಾಳೆ ಬೇರೊಂದು ಸಾಕ್ಷಿ ಸಿಕ್ಕಿದವರು ಅದನ್ನು ತಿದ್ದಬಹುದು.

ಹೆಸರುಗಳದ್ದೂ ಇದೇ ಕಥೆ. ಕೆ.ವಿ. ಪುಟ್ಟಪ್ಪನವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. ಆಡಳಿತದ ಕಡತಗಳಲ್ಲಿ ಅವರು ಪುಟ್ಟಪ್ಪ, ಸಾಹಿತ್ಯ ಪತ್ರಿಕೆಗಳಲ್ಲಿ ಕುವೆಂಪು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ವಿ.ಕೃ. ಗೋಕಾಕ್ ತಮ್ಮ ಪದ್ಯದ ಕೆಳಗೆ ವಿನಾಯಕ. ಇವರಿಬ್ಬರೂ ದೊಡ್ಡವರು, ಎರಡು ಹೆಸರೂ ಒಬ್ಬರದೇ ಎಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರ ಪಾಡೇನು? ಒಂದೇ ಕಾಲೇಜಿನಲ್ಲಿ ಒಂದೇ ಇನಿಷಿಯಲ್‌ನ ಇಬ್ಬರು ರಾಮಯ್ಯನವರಿದ್ದರೆ ಯಾವ ಪತ್ರ ಯಾರದು? ಇಂಟರ್ನ್ ಅದನ್ನು ಕೈಬರಹ ಹೋಲಿಸಿ ಬಿಡಿಸಿರುತ್ತಾಳೆ. ಹೋಲಿಸಿದ ಎರಡು ಹಾಳೆಗಳ ನಂಬರನ್ನು ಬರೆದಿಟ್ಟರೆ ಅದು ಸಾಕ್ಷಿ, ಬರೆಯದಿದ್ದರೆ ಬರೀ ನಂಬಿಕೆ.

ಇನ್ನೊಂದು ಕಷ್ಟ ಕಂಪ್ಯೂಟರಿನದು. ಹಿಂದಿನ ತಂಡಗಳು ಕೊಟ್ಟುಹೋದ ಪಟ್ಟಿಯನ್ನು ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳ ಹಣೆಬರಹ ಇದು. ಅಲ್ಲಿ ಕನ್ನಡ ಕಾಣುತ್ತಿದ್ದುದು ಫಾಂಟಿನಿಂದ, ಒಳಗೆ ಉಳಿದದ್ದು ಬೇರೆಯ ಸಂಕೇತ. ಆ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿಯೇ ಸರಿಪಡಿಸಬೇಕು. ಹೊರಡುವ ವಿದ್ಯಾರ್ಥಿ ತನ್ನ ಪಟ್ಟಿ ಯುನಿಕೋಡ್‌ನಲ್ಲಿದೆಯೇ, ಸ್ಕ್ಯಾನ್ ಮಾಡಿದ ಚಿತ್ರಗಳ ಹೆಸರು ಪೆಟ್ಟಿಗೆ ಹಾಗೂ ಕಡತದ ನಂಬರಿಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಲೇಬೇಕು. ಜೊತೆಗೆ ಪ್ರತಿ ಚಿತ್ರದ ಚೆಕ್‌ಸಮ್ ತೆಗೆದಿಡುವುದು ಒಳ್ಳೆಯದು. ಎಸ್‌ಎಚ್‌ಎ-256 ಎಂಬ ಲೆಕ್ಕಾಚಾರ ಪ್ರತಿ ಕಡತಕ್ಕೂ 64 ಚಿಹ್ನೆಗಳ ಒಂದು ಗುರುತು ಕೊಡುತ್ತದೆ. ಹತ್ತು ವರ್ಷದ ನಂತರ ಮತ್ತೆ ಲೆಕ್ಕ ಹಾಕಿದಾಗ ಗುರುತು ಬದಲಾಗಿದ್ದರೆ, ಡಿಸ್ಕಿನಲ್ಲಿ ಕಡತ ಕೆಟ್ಟಿದೆ ಅಥವಾ ಯಾರೋ ಮುಟ್ಟಿದ್ದಾರೆ ಎಂದರ್ಥ.

ಲಿಪಿಕಾರರು ಮಾಡುತ್ತಿದ್ದುದು

ಕೆಲಸ ಮುಗಿಸುವಾಗ ಬರೆದಿಟ್ಟು ಹೋಗುವ ರೂಢಿಯನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಓಲೆಗರಿಯ ಮೇಲೆ ಕಂಟದಿಂದ ಕಾವ್ಯಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರು ಕೊನೆಯ ಗರಿಯಲ್ಲಿ ಒಂದು ಬರಹ ಸೇರಿಸುತ್ತಿದ್ದರು. ಹಸ್ತಪ್ರತಿಶಾಸ್ತ್ರದಲ್ಲಿ ಅದಕ್ಕೆ ಪುಷ್ಪಿಕೆ ಎನ್ನುತ್ತಾರೆ. ಯಾವ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರದಂದು ಬರೆದು ಮುಗಿಯಿತು, ಯಾವ ಊರಿನಲ್ಲಿ, ಯಾರ ಓದಿಗೆ ಅಥವಾ ಯಾರ ಅಪ್ಪಣೆಯಿಂದ, ಬರೆದವನು ಯಾರ ಮಗ, ಇದೆಲ್ಲ ಅಲ್ಲಿರುತ್ತದೆ. ಮೂಲ ಪ್ರತಿಯಲ್ಲಿ ಇದ್ದಂತೆಯೇ ಬರೆದಿದ್ದೇನೆ, ಅಕ್ಷರ ಬಿಟ್ಟಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕು ಎಂಬ ಪ್ರಾರ್ಥನೆಯೂ ಇರುವುದುಂಟು. ಎಲ್ಲ ಪ್ರತಿಗಳಲ್ಲೂ ಇವೆಲ್ಲ ಇರುವುದಿಲ್ಲ, ಸಂವತ್ಸರ ಮಾತ್ರ ಕೊಟ್ಟು ಶಕವರ್ಷ ಬಿಟ್ಟು ವಿದ್ವಾಂಸರನ್ನು ಅರವತ್ತು ವರ್ಷದ ಚಕ್ರದಲ್ಲಿ ಸಿಕ್ಕಿಸಿದವರೂ ಇದ್ದಾರೆ. ಆದರೂ ನಮ್ಮ ಹಳಗನ್ನಡ ಗ್ರಂಥಗಳ ಪಾಠಗಳನ್ನು ಹೋಲಿಸಿ ಸಂಪಾದಿಸಿದ ವಿದ್ವಾಂಸರು, ಯಾವ ಪ್ರತಿ ಹಳೆಯದು, ಯಾವುದು ಎಲ್ಲಿ ಓಡಾಡಿತು ಎಂದು ತೀರ್ಮಾನಿಸುವಾಗ ಈ ಸಾಲುಗಳನ್ನೇ ಆಧರಿಸಿದರು.

ಈ ಸಾಲುಗಳ ಬೆಲೆ ಅವು ಇಲ್ಲದ ಕಡೆ ಗೊತ್ತಾಗುತ್ತದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಶುರುವಾದದ್ದು 1891ರಲ್ಲಿ ಓರಿಯಂಟಲ್ ಲೈಬ್ರರಿಯಾಗಿ. 1916ರಲ್ಲಿ ಅದು ವಿಶ್ವವಿದ್ಯಾಲಯದ ಅಂಗವಾಯಿತು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗ್ರಂಥಲಿಪಿಯ ಓಲೆಗರಿಗಳ ನಡುವೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಸಂಸ್ಕೃತ ಪಾಠ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಪ್ರಾಚೀನ ಭಾರತದ ರಾಜ್ಯಾಡಳಿತದ ಬಗ್ಗೆ ಜಗತ್ತಿಗಿದ್ದ ತಿಳಿವಳಿಕೆಯೇ ಬದಲಾಯಿತು. ಆ ಹಸ್ತಪ್ರತಿಯನ್ನು ಲೈಬ್ರರಿಗೆ ಒಪ್ಪಿಸಿದವರು ತಂಜಾವೂರು ಕಡೆಯ ಒಬ್ಬ ಪಂಡಿತರು. ಇತಿಹಾಸದಲ್ಲಿ ಉಳಿದದ್ದು ಇಷ್ಟೇ, ತಂಜಾವೂರು ಕಡೆಯ ಪಂಡಿತರು. ಅವರ ಹೆಸರಿಲ್ಲ. ಆ ಕಟ್ಟು ಅವರ ಮನೆಗೆ ಯಾರಿಂದ ಬಂತು, ಜೊತೆಗೆ ಬೇರೆ ಕಟ್ಟುಗಳಿದ್ದವೇ ಎಂದು ಇಂದು ಕೇಳಲು ದಾರಿಯೇ ಇಲ್ಲ. ಒಪ್ಪಿಸಿಕೊಂಡ ದಿನ ಬರೆದ ಎರಡು ಸಾಲು ಉಳಿದಿದ್ದರೆ ಅದರ ಬೆಲೆ ಎಷ್ಟಾಗುತ್ತಿತ್ತು!

ಲಿಪಿಕಾರರ ಈ ರೂಢಿಗೆ ಇಂದಿನ ಪತ್ರಾಗಾರ ಶಾಸ್ತ್ರದಲ್ಲೂ ಜಾಗವಿದೆ. ಅಂತರರಾಷ್ಟ್ರೀಯ ಪತ್ರಾಗಾರ ಪರಿಷತ್ತು ರೂಪಿಸಿದ ಐಎಸ್‌ಎಡಿ(ಜಿ) ಎಂಬ ಮಾನದಂಡ 1994ರಲ್ಲಿ ಬಂತು, ಪರಿಷ್ಕೃತ ರೂಪ 2000ದಲ್ಲಿ. ಒಂದು ಸಂಗ್ರಹವನ್ನು ವಿವರಿಸಲು ಅದು 26 ಅಂಶಗಳನ್ನು ಹೇಳುತ್ತದೆ. ಆರು ಅಂಶಗಳು ಬಹಳ ಮುಖ್ಯ: ಗುರುತಿನ ಸಂಖ್ಯೆ, ಶೀರ್ಷಿಕೆ, ಕಾಗದಗಳನ್ನು ಹುಟ್ಟಿಸಿದವರು, ಕಾಲ, ಪ್ರಮಾಣ, ವಿವರಣೆಯ ಹಂತ. ನಮ್ಮ ಇಂಟರ್ನ್‌ಗಳಿಗೆ ಕೊಡುವ ಎಕ್ಸೆಲ್ ನಮೂನೆಗಳು ಹೆಚ್ಚುಕಡಿಮೆ ಈ ಆರಕ್ಕೇ ನಿಂತುಬಿಡುತ್ತವೆ. ಆ 26ರ ಕೊನೆಯಲ್ಲಿ, ಯಾರೂ ತುಂಬದ ಮೂಲೆಯಲ್ಲಿ, ಮೂರು ಸಣ್ಣ ಅಂಶಗಳಿವೆ. ಈ ವಿವರಣೆಯನ್ನು ಯಾರು ಹೇಗೆ ಸಿದ್ಧಪಡಿಸಿದರು, ಯಾವ ನಿಯಮ ಅನುಸರಿಸಿದರು, ಯಾವಾಗ. ಓಲೆಗರಿಯ ಕೊನೆಯ ಸಾಲು ಹೇಳುತ್ತಿದ್ದುದೂ ಇದನ್ನೇ. ಇಂಟರ್ನ್‌ಶಿಪ್‌ನ ಕೊನೆಯ ವಾರ ಮೀಸಲಾಗಬೇಕಾದದ್ದು ಈ ಮೂರು ಅಂಶಗಳಿಗೆ.

ಅಂಥ ಟಿಪ್ಪಣಿ ಎಷ್ಟು ಸರಳವಾಗಿರಬಹುದೆಂಬುದಕ್ಕೆ ಒಂದು ಉದಾಹರಣೆ. ವಿಜ್ಞಾನ ವಿಭಾಗವೊಂದರ ಹಳೆಯ ಗುಂಪು ಫೋಟೊ. ಕುರ್ಚಿಯಲ್ಲಿ ಕೂತ ಅಧ್ಯಾಪಕರು, ಹಿಂದೆ ನಿಂತ ವಿದ್ಯಾರ್ಥಿಗಳು, ಎಲ್ಲರ ಹೆಸರೂ ಕೆಳಗೆ ಅಚ್ಚಾಗಿತ್ತು. ಎರಡೂ ತುದಿಯಲ್ಲಿ ನಿಂತಿದ್ದ ಖಾಕಿಯ ಅಟೆಂಡರುಗಳ ಹೆಸರು ಇರಲಿಲ್ಲ. ಇಂಟರ್ನ್ ಆಗಿದ್ದ ಹುಡುಗಿ ಅದರ ಪ್ರತಿ ಹಿಡಿದು, ಪಕ್ಕದ ಬಡಾವಣೆಯಲ್ಲಿದ್ದ ನಿವೃತ್ತ ಅಟೆಂಡರೊಬ್ಬರ ಮನೆಗೆ ಹೋದಳು. ಅವರು ಕನ್ನಡಕ ಒರೆಸಿಕೊಂಡು ನೋಡಿ, ‘ಇವ್ನು ನಮ್ಮ ಲ್ಯಾಬ್‌ನೋನೇ ಕಣಮ್ಮ. ಹೆಸ್ರು ಬರ್ಕೊ. ಸಾಹೇಬ್ರ ಹೆಸ್ರೆಲ್ಲ ಕೆಳ್ಗಡೆ ಐತೆ, ಇವನ್ದೇ ಇಲ್ಲ’ ಎಂದರು. ಅವಳು ಹೆಸರು ಬರೆದುಕೊಂಡಳು. ಹೇಳಿದವರು ಯಾರು, ಯಾವ ದಿನ ಹೇಳಿದರು, ಇನ್ನೊಂದು ತುದಿಯಲ್ಲಿದ್ದವರ ಗುರುತು ಅವರಿಗೂ ಸಿಗಲಿಲ್ಲ ಎಂಬುದನ್ನೂ ಬರೆದಳು. ಆ ಮೂರನೆಯ ಮಾತು ನನಗೆ ಬಹಳ ಮುಖ್ಯವಾಗಿ ಕಂಡಿತು. ಮುಂದೆ ಹುಡುಕುವವರು ಅದೇ ಮನೆಯ ಬಾಗಿಲನ್ನು ಮತ್ತೆ ಬಡಿಯಬೇಕಾಗಿಲ್ಲ.

ಮುಗಿಯದ ಪೆಟ್ಟಿಗೆಗಳು

ಕೊನೆಯ ವಾರ ವಿದ್ಯಾರ್ಥಿಗಳನ್ನು ಕಾಡುವುದು ಮುಗಿಯದ ಕೆಲಸ. ಹದಿನೈದು ಪೆಟ್ಟಿಗೆ ಒಪ್ಪಿಕೊಂಡವರು ಒಂಬತ್ತರಲ್ಲಿ ನಿಂತಿರುತ್ತಾರೆ. ‘ಮೇಡಂ, ಶನಿವಾರ ಭಾನುವಾರನೂ ಬರ್ತೀವಿ, ಮುಗಿಸಿಬಿಡ್ತೀವಿ’ ಎನ್ನುತ್ತಾರೆ. ಬೇಡವೆಂದೇ ನನ್ನ ಉತ್ತರ. ಅವಸರದಲ್ಲಿ ಮುಗಿಸಿದ ಆರು ಪೆಟ್ಟಿಗೆಗಳಿಗಿಂತ, ಮುಟ್ಟದೆ ಬಿಟ್ಟ ಆರು ಪೆಟ್ಟಿಗೆಗಳೇ ಪತ್ರಾಗಾರಕ್ಕೆ ಸುರಕ್ಷಿತ. 2005ರಲ್ಲಿ ಅಮೆರಿಕದ ಮಾರ್ಕ್ ಗ್ರೀನ್ ಮತ್ತು ಡೆನಿಸ್ ಮೈಸ್ನರ್ ಎಂಬ ಪತ್ರಪಾಲಕರು ಒಂದು ಲೇಖನ ಬರೆದು ಈ ವೃತ್ತಿಯಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿದರು. ಪ್ರತಿ ಹಾಳೆಯ ಸೂಜಿ ಬಿಡಿಸುತ್ತ, ಪ್ರತಿ ಪತ್ರಕ್ಕೂ ವಿವರ ಬರೆಯುತ್ತ ಕೂತರೆ ಕಾಗದಗಳು ದಶಕಗಟ್ಟಲೆ ಓದುಗರ ಕೈಗೆ ಸಿಗದೆ ಕೊಳೆಯುತ್ತವೆ, ಆದ್ದರಿಂದ ಮೊದಲು ಇಡೀ ಸಂಗ್ರಹಕ್ಕೆ ಸ್ಥೂಲ ವಿವರ ಬರೆದು ಬಾಗಿಲು ತೆರೆಯಿರಿ ಎಂಬುದು ಅವರ ವಾದ. ನಮ್ಮ ತೇವದ ಹವೆಗೆ, ಗೆದ್ದಲಿಗೆ, ಸಿಲ್ವರ್ ಫಿಶ್‌ಗೆ ಆ ವಾದವನ್ನು ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ತುಕ್ಕು ಹಿಡಿದ ಸೂಜಿ ಮಳೆಗಾಲದಲ್ಲಿ ಇಲ್ಲಿ ಮಾಡುವ ಹಾನಿಯೇ ಬೇರೆ. ಆದರೆ ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಆಳಕ್ಕೆ ಮಾಡಬೇಕಾಗಿಲ್ಲ ಎಂಬ ಮಾತು ವಿದ್ಯಾರ್ಥಿಗೆ ದೊಡ್ಡ ಬಿಡುಗಡೆ. ಉಳಿದ ಆರು ಪೆಟ್ಟಿಗೆಗಳನ್ನು ತೆರೆದು, ಒಳಗೇನಿದೆ ಎಂದು ತಲಾ ಐದು ಸಾಲು ಬರೆದು, ಯಾವುದಕ್ಕೆ ಮೊದಲು ಕೈ ಹಾಕಬೇಕು ಎಂದು ಸೂಚಿಸಿ ಮುಚ್ಚಿಟ್ಟರೆ ಅದೂ ಮುಗಿದ ಕೆಲಸವೇ.

ಇನ್ನು, ಬಿಟ್ಟುಹೋಗಬೇಕಾದದ್ದರ ವಿಚಾರ. ಇಂದಿನ ಇಂಟರ್ನ್‌ನ ಮೊಬೈಲಿನಲ್ಲಿ ನೂರಾರು ದಾಖಲೆಗಳ ಫೋಟೊ ಇರುತ್ತವೆ. ಓದಲು ಕಷ್ಟವಾದ ಅಕ್ಷರಗಳನ್ನು ಸಂಜೆ ಹಿಗ್ಗಿಸಿ ನೋಡಲೆಂದು ತೆಗೆದವು, ದುರುದ್ದೇಶವೇನಿಲ್ಲ. ಆದರೆ ವಿಶ್ವವಿದ್ಯಾಲಯದ ಕಾಗದಗಳೆಂದರೆ ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿಯ ಜೊತೆಗಿನ ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಹಾಸ್ಟೆಲಿನ ಶಿಸ್ತುಕ್ರಮದ ಕಡತ, ವೈದ್ಯಕೀಯ ರಜೆಯ ಚೀಟಿ. ಅವುಗಳಲ್ಲಿ ಹೆಸರಿರುವವರು ಅನೇಕರು ಇನ್ನೂ ನಮ್ಮ ನಡುವೆಯೇ ಇದ್ದಾರೆ. 1970ರ ದಶಕದಲ್ಲಿ ಹಾಸ್ಟೆಲ್ ಸೀಟಿಗಾಗಿ ತನ್ನ ಮನೆಯ ಬಡತನವನ್ನೆಲ್ಲ ಬಿಚ್ಚಿ ಬರೆದ ಹುಡುಗ ಇಂದು ಯಾರದೋ ತಾತ. ಆ ಅರ್ಜಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಓಡಾಡುವಂತಾಗಬಾರದು. ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಕಾನೂನು ಬಂದಿದೆ. ಕಾನೂನಿಗಿಂತ ಮೊದಲೇ ಇದು ಮಾನ, ಮರ್ಯಾದೆಯ ಪ್ರಶ್ನೆ. ಕೊನೆಯ ದಿನ ಮೇಲ್ವಿಚಾರಕರ ಎದುರು ಕೂತು ಮೊಬೈಲಿನ, ಪೆನ್‌ಡ್ರೈವಿನ, ಗೂಗಲ್ ಡ್ರೈವಿನ ಪ್ರತಿಗಳನ್ನು ಅಳಿಸುವುದು ಅವಮಾನವೆಂದು ಯಾವ ವಿದ್ಯಾರ್ಥಿಯೂ ತಿಳಿಯಬೇಕಾಗಿಲ್ಲ. ಪ್ರಬಂಧಕ್ಕೆ ಬೇಕಾದ ದಾಖಲೆಯಿದ್ದರೆ ಉಳಿದ ಓದುಗರಂತೆ ಅರ್ಜಿ ಕೊಟ್ಟು ಪಡೆಯಬಹುದು. ಆಗಲೂ ಒಂದು ಎಚ್ಚರಿಕೆ ಇರಲಿ. ಪತ್ರ ಪತ್ರಾಗಾರದ್ದಾದರೂ ಅದರಲ್ಲಿ ಬರೆದ ಮಾತಿನ ಕೃತಿಸ್ವಾಮ್ಯ ಬರೆದವರದು, ಅವರ ನಂತರ ವಾರಸುದಾರರದು. ಪೂರ್ತಿ ಪತ್ರವನ್ನು ಅಚ್ಚು ಹಾಕುವ ಮೊದಲು ಅವರನ್ನು ಕೇಳಬೇಕು.

ಸಂದರ್ಶನಗಳನ್ನು ಧ್ವನಿಮುದ್ರಿಸಿದವರಿಗೆ ಇನ್ನೂ ಒಂದು ಕೆಲಸವಿದೆ. ಮಾತಾಡಿದವರಿಂದ ಒಪ್ಪಿಗೆ ಪತ್ರ ಸಹಿಯಾಗಿ ಬಂದಿದೆಯೇ? ಬಂದಿಲ್ಲವಾದರೆ ಎರಡು ಗಂಟೆಯ ಆ ಅಮೂಲ್ಯ ಮಾತು ಬೀರುವಿನಲ್ಲೇ ಉಳಿಯುತ್ತದೆ, ಯಾರಿಗೂ ಕೇಳಿಸುವಂತಿಲ್ಲ. ಹುಡುಗರು ಹೋದ ಮೇಲೆ ಆ ಸಹಿಗಾಗಿ ಅಲೆಯುವುದು ಸುಲಭವಲ್ಲ, ಹಿರಿಯರಿಗೆ ಪರಿಚಯವಿರುವುದು ಸಂದರ್ಶನ ಮಾಡಿದ ಹುಡುಗನ ಮುಖ. ಬರಹಕ್ಕಿಳಿಸುವಾಗ ಆಡಿದ ಕನ್ನಡವನ್ನು ‘ಶುದ್ಧ’ ಮಾಡುವ ಚಪಲವನ್ನೂ ತಡೆದುಕೊಳ್ಳಬೇಕು. ಧಾರವಾಡದ ಮೇಷ್ಟ್ರು ಮಂಡ್ಯದವರಂತೆ ಮಾತಾಡಿದ ದಾಖಲೆ ಯಾರಿಗೂ ಬೇಡ.

ಇಷ್ಟನ್ನೆಲ್ಲ ವಿದ್ಯಾರ್ಥಿಯಿಂದ ಕೇಳುವಾಗ ಸಂಸ್ಥೆ ಏನು ಕೊಡುತ್ತದೆ ಎಂದೂ ಕೇಳಬೇಕು. ಪತ್ರಾಗಾರದ ಕೆಲಸ ಮೈಮುರಿಯುವ ಕೆಲಸ. ದೂಳು ಕುಡಿದು, ಕೆಳಗೆ ಕೂತು, ಕಣ್ಣು ಸೋಲಿಸಿಕೊಂಡು ಮಾಡುವಂಥದು. ಅನುಭವವೇ ಸಂಬಳ ಎಂಬ ಮಾತು ಸಿಟಿಬಸ್ಸಿನ ಟಿಕೆಟಿಗೂ ಆಗುವುದಿಲ್ಲ. ಪುಕ್ಕಟೆ ದುಡಿಯಲು ಮನೆಯಲ್ಲಿ ಅನುಕೂಲವಿದ್ದವರು ಮಾತ್ರ ಪತ್ರಾಗಾರಕ್ಕೆ ಬರುವಂತಾದರೆ, ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ, ಹಳೆಯ ಮೋಡಿ ಅಕ್ಷರವನ್ನೋ ಊರಿನ ಶ್ಯಾನುಭೋಗರ ಲೆಕ್ಕದ ಬರವಣಿಗೆಯನ್ನೋ ಮನೆಯಲ್ಲಿ ಕಂಡವಳು, ಹೊರಗೇ ಉಳಿಯುತ್ತಾಳೆ. ಅವಳಿಗಾಗುವ ಅನ್ಯಾಯದ ಜೊತೆಗೆ ಕಾಗದಗಳಿಗೂ ನಷ್ಟ. ಸ್ಟೈಪೆಂಡ್ ಸಣ್ಣದಾದರೂ ಇರಲೇಬೇಕು, ಅದೂ ಹೊರಡುವ ದಿನವೇ ಕೈಸೇರಬೇಕು.

ಪ್ರಮಾಣಪತ್ರದ ಬಗ್ಗೆಯೂ ಒಂದು ಮಾತು. ‘ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂಬ ಸಾಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಸಂಗ್ರಹ, ಎಷ್ಟು ಪೆಟ್ಟಿಗೆ, ಯಾವ ಮಾನದಂಡದ ಪ್ರಕಾರ ವಿವರಣೆ, ಯಾವ ಭಾಷೆ ಮತ್ತು ಲಿಪಿಗಳು, ಎಷ್ಟು ಗಂಟೆಯ ಸಂದರ್ಶನ ಎಂದು ಬರೆದುಕೊಟ್ಟರೆ, ಮುಂದೆ ಸಂದರ್ಶನಕ್ಕೆ ಕೂತ ಹುಡುಗನಿಗೆ ಹೇಳಿಕೊಳ್ಳಲು ಏನಾದರೂ ಇರುತ್ತದೆ. ಸಂಗ್ರಹದ ಸೂಚಿಯಲ್ಲೂ ಅವನ ಹೆಸರು ಬರಬೇಕು, ಕೆಲಸ ಮಾಡಿದ ತಿಂಗಳು ಮತ್ತು ವರ್ಷದ ಸಮೇತ. ‘ವಿದ್ಯಾರ್ಥಿಗಳ ನೆರವಿನಿಂದ ಸಿದ್ಧಪಡಿಸಲಾಗಿದೆ’ ಎಂಬ ಸಾಲನ್ನು ನಾನು ಎಷ್ಟೋ ಸೂಚಿಗಳಲ್ಲಿ ಓದಿದ್ದೇನೆ. ಯಾವ ವಿದ್ಯಾರ್ಥಿಗಳು? ತಾರೀಖೊಂದು ತಪ್ಪಾಗಿ ಕಂಡಾಗ ಯಾರನ್ನು ಕೇಳಬೇಕು? ಹೆಸರಿದ್ದರೆ ಇಪ್ಪತ್ತು ವರ್ಷದ ನಂತರವೂ ಒಂದು ಫೋನ್ ಮಾಡಬಹುದು, ಆ ಪೆಟ್ಟಿಗೆಯನ್ನು ಮೊದಲು ತೆರೆದಾಗ ಮೇಲಿದ್ದ ಹಾಳೆ ಯಾವುದೆಂದು ಕೇಳಬಹುದು. ಕಾಲೇಜುಗಳಲ್ಲಿ ಇಂಟರ್ನ್‌ಶಿಪ್ ನೋಡಿಕೊಳ್ಳುವ ಅಧ್ಯಾಪಕರು ಒಪ್ಪಂದದ ಕಾಗದಕ್ಕೆ ಸಹಿ ಹಾಕುವ ಮೊದಲೇ ಈ ಎರಡನ್ನು ಅದರಲ್ಲಿ ಸೇರಿಸಿಬಿಡಬೇಕು: ಕೊನೆಯ ವಾರ ಟಿಪ್ಪಣಿ ಬರೆಯುವುದಕ್ಕೇ ಮೀಸಲು, ಸೂಚಿಯಲ್ಲಿ ವಿದ್ಯಾರ್ಥಿಯ ಪೂರ್ತಿ ಹೆಸರು.